ಎಷ್ಟನೇ ನಂಬರ್

ವಾಡಿಯಿಂದ ಸೇಡಂಗೆ ಹೋಗುವ ಬೆಳಗಿನ ಪ್ಯಾಸೆಂಜರಿನಲ್ಲಿ ನಾನು ಕಿಟಕಿಯ ಪಕ್ಕ ಕೂತು, ಎದುರಿನ ಸೀಟಿನ ಮೇಲೆ ನನ್ನ ಚೀಲ ಇಡುತ್ತಿದ್ದೆ. ಚಿತ್ತಾಪುರದಲ್ಲಿ ಅವಳು ಹತ್ತಿದ ಮೇಲೆ ಚೀಲ ನನ್ನ ತೊಡೆಗೆ ಬರುತ್ತಿತ್ತು. ಆರು ವರ್ಷ ಹೀಗೇ ನಡೆಯಿತು. ಅವಳು ದಂಡೋತಿಯವಳು, ಸೇಡಂನ ನಮ್ಮ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ನಾನು ಅಲ್ಲೇ ರಾಜ್ಯಶಾಸ್ತ್ರಕ್ಕೆ ಕಾಯಂ ಇದ್ದವಳು. ನನಗಿಂತ ಭಾಳ ಸಣ್ಣವಳು, ಅಕ್ಕಾ ಅನ್ನುತ್ತಿದ್ದಳು. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಅವಳ ಡಬ್ಬಿಯ ಪುಂಡಿಪಲ್ಯ ನನಗೆ, ನನ್ನ ಡಬ್ಬಿಯ ಶೇಂಗಾ ಹಿಂಡಿ ಅವಳಿಗೆ. ರೊಟ್ಟಿ ಮಾತ್ರ ಅವರವರದು.

ಅವಳ ತರಗತಿಯ ಮುಂದೆ ಹಾದುಹೋಗುವಾಗ ನನ್ನ ಕಾಲು ತಾನೇ ನಿಧಾನವಾಗುತ್ತಿತ್ತು. ಬೇಡಿಕೆ, ಪೂರೈಕೆ ಎಂದು ಶುರುಮಾಡಿ ಎರಡು ಮಾತಿನಲ್ಲಿ ತೊಗರಿಗೆ ಬಂದುಬಿಡುವಳು. "ಏ, ನಿಮ್ಮಪ್ಪ ತೊಗರಿ ಮಾರ್ಯಾನೋ, ಮನ್ಯಾಗ ಇಟ್ಕೊಂಡಾನೋ? ಯಾಕ ಇಟ್ಕೊಂಡಾನ, ಹೇಳ್ ನೋಡಮು." ಇಡೀ ಕ್ಲಾಸು ಒಟ್ಟಿಗೆ ಬಾಯಿ ತೆಗೆಯುತ್ತಿತ್ತು. ನನ್ನ ಕ್ಲಾಸಿನಲ್ಲಿ ನಾನು ನೋಟ್ಸ್ ಹೇಳುತ್ತಿದ್ದೆ, ಮಕ್ಕಳು ಬರೆದುಕೊಳ್ಳುತ್ತಿದ್ದರು. ತಿಳೀತೇನು ಎಂದರೆ "ಹೂಂ ರೀ" ಎನ್ನುತ್ತಿದ್ದರು. ಅಷ್ಟೇ.

ಎರಡು ವರ್ಷದ ಕೆಳಗೆ ಶಹಾಬಾದಿನಲ್ಲಿ ಉಪನ್ಯಾಸಕರಿಗೆ ಬೋಧನಾ ಕೌಶಲದ ತರಬೇತಿ ನಡೆಯಿತು. ಐದು ದಿನ. ಕಾಯಂ ಇದ್ದವರಿಗೆ ಮಾತ್ರ.

"ನಂಗೂ ಕರ್ಕೊಂಡ್ ಹೋಗ್ರಿ ಅಕ್ಕಾ, ಹಿಂದಿನ ಬೆಂಚಿಗಿ ಸುಮ್ಮ ಕುಂದರ್ತೀನಿ," ಎಂದಳು.

"ಪಟ್ಟಿನ್ಯಾಗ ನಿನ್ನ ಹೆಸರಿಲ್ಲವ್ವ."

"ಪಟ್ಟಿನ್ಯಾಗ ಹೆಸರಿದ್ದವ್ರು ಅಲ್ಲಿ ಹೋಗಿ ಏನ್ ಮಾಡ್ತೀರಂತ ನೋಡಬೇಕಾಗಿತ್ತು," ಎಂದು ನಕ್ಕಳು.

ಏನು ಮಾಡಿದೆವು? ಉಪ್ಪಿಟ್ಟು ತಿಂದೆವು. ಚಾರ್ಟಿನ ಮೇಲೆ ಬಣ್ಣದ ಪೆನ್ನಿನಲ್ಲಿ ಬಾಣದ ಗುರುತು ಬರೆದೆವು. ಹೊರಗಿನಿಂದ ಬಂದ ದೊಡ್ಡವರೊಬ್ಬರು, ಕಲಿಯುವವರೇ ಮಾತಾಡಬೇಕು, ಕಲಿಸುವವರು ಕೇಳಬೇಕು ಎಂಬುದನ್ನು ನಮಗೆ ಯಾರಿಗೂ ಬಾಯಿ ತೆಗೆಯಲು ಬಿಡದೆ ಎರಡು ತಾಸು ಹೇಳಿದರು. ಕೊನೆಯ ದಿನ ಇಂಗ್ಲಿಷಿನ ಒಂದು ಫಾರ್ಮ್ ಕೊಟ್ಟರು. ವಿದ್ಯಾರ್ಥಿಗಳು ತಮಗೆ ಕಲಿಸುವ ಪ್ರತಿಯೊಬ್ಬರಿಗೂ ಒಂದರಿಂದ ಐದರೊಳಗೆ ಅಂಕ ಹಾಕಬೇಕು. ಐದು ಅಂದರೆ ಉತ್ತಮ, ಒಂದು ಅಂದರೆ ಕಳಪೆ. ನಿಮ್ಮ ನಿಮ್ಮ ಕಾಲೇಜಿನಲ್ಲಿ ತುಂಬಿಸಿ ವರದಿ ಕಳಿಸಿ ಎಂದರು.

ಆ ಕೆಲಸ ಪ್ರಾಚಾರ್ಯರು ನನಗೇ ಹಚ್ಚಿದರು. ಅವತ್ತು ಶನಿವಾರ, ನನಗೆ ವಾಡಿಯ ಗಾಡಿ ಹಿಡಿಯುವ ಅವಸರ. ಫಾರ್ಮಿನ ಮೇಲಿನ ಇಂಗ್ಲಿಷು ಓದಿ ಹೇಳಲು ಕೂತರೆ ಗಾಡಿ ತಪ್ಪುತ್ತದೆ. ಹಂಚಿದವಳೇ ಅಂದೆ: "ಅದನ್ನೆಲ್ಲ ಓದ್ಲಿಕ್ಕ ಹೋಗಬ್ಯಾಡ್ರಿ. ಒಬ್ಬೊಬ್ಬರ ಹೆಸರಿನ ಮುಂದ ಎಷ್ಟನೇ ನಂಬರ್ ಅಂತ ಹಾಕಿ ಕೊಡ್ರಿ, ಲಗೂ ಲಗೂ."

ಎಷ್ಟನೇ ನಂಬರ್. ನಾನು ಆಡಿದ ಮಾತು ಅದೇ.

ಫಲಿತಾಂಶ ಬಂದಾಗ ಆ ಮಕ್ಕಳಿಗೆ ಕಲಿಸುವ ಐದು ಮಂದಿಯಲ್ಲಿ ನಾನು ಎಲ್ಲರಿಗಿಂತ ಮೇಲೆ, ಅವಳು ಎಲ್ಲರಿಗಿಂತ ಕೆಳಗೆ. ಪ್ರಾಚಾರ್ಯರು ಸಭೆ ಕರೆದು ನನಗೆ ಶಾಲು ಹೊದಿಸಿದರು. ತರಬೇತಿಯ ಫಲ ನೋಡ್ರಿ ಎಂದು ಹೊಗಳಿದರು. ಹಿಂದಿನ ಸಾಲಿನಲ್ಲಿ ಜೋರಾಗಿ ಚಪ್ಪಾಳೆ ಹೊಡೆದವಳು ಅವಳೇ. ಎಲ್ಲೋ ಏನೋ ತಪ್ಪಿದೆ ಎಂದು ನನಗೂ ಒಂದು ಗಳಿಗೆ ಅನಿಸಿತ್ತು, ಸುಳ್ಳು ಹೇಳುವುದಿಲ್ಲ. ಶಾಲು ಹೆಗಲ ಮೇಲೆ ಬಿದ್ದಾಗ ಆ ಅನುಮಾನವೂ ಅದರ ಅಡಿಗೆ ಹೋಯಿತು.

ವಿದ್ಯಾರ್ಥಿಗಳಿಂದ ಇಷ್ಟು ಕಡಿಮೆ ಅಂಕ ಬಂದವಳನ್ನು ಮುಂದಿನ ವರ್ಷ ಇಟ್ಟುಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಲು ಆಡಳಿತ ಮಂಡಳಿಯ ಸಭೆ ನಿಗದಿಯಾಯಿತು. ಆ ಸಭೆಗೆ ಇನ್ನೂ ಎಂಟು ದಿನ ಇತ್ತು. ಅವತ್ತು ಚಿಮ್ಮನಚೋಡದಿಂದ ಬರುವ ಹುಡುಗಿಯೊಬ್ಬಳು ನನ್ನನ್ನು ವರಾಂಡದಲ್ಲಿ ನಿಲ್ಲಿಸಿದಳು.

"ಮೇಡಮ್ರಿ, ಅರ್ಥಶಾಸ್ತ್ರದ ಮೇಡಮ್ಮರ್ನ ತೆಗೀಲಿಕತ್ತಾರಂತ, ಖರೇ ಏನ್ರಿ?"

"ನೀವೇ ನಂಬರ್ ಕಮ್ಮಿ ಕೊಟ್ಟೀರಲ್ಲ, ನಾ ಏನ್ ಮಾಡ್ಲಿ?"

"ಎಲ್ಲಿ ಕಮ್ಮಿ ರೀ! ಕ್ಲಾಸಿಗಿ ಕ್ಲಾಸೇ ಅವ್ರಿಗಿ ಒಂದನೇ ನಂಬರ್ ಕೊಟ್ಟೀವ್ರಿ. ಅವ್ರ ಪಾಠ ಅಂದ್ರ ಒಂದ್ ನಂಬರ್ ಅದಾ ರೀ."

ನಮ್ಮ ಕಡೆ ಚಹಾ ಚೆನ್ನಾಗಿದ್ದರೂ ಒಂದ್ ನಂಬರ್, ಎತ್ತು ಚೆನ್ನಾಗಿದ್ದರೂ ಒಂದ್ ನಂಬರ್. ಕಲಿಸುವವರು ಐದು ಮಂದಿ, ಅಂಕವೂ ಐದರವರೆಗೆ. ಎಷ್ಟನೇ ನಂಬರ್ ಎಂದು ನಾನು ಕೇಳಿದ್ದಕ್ಕೆ ಮಕ್ಕಳು ನಮ್ಮನ್ನು ಸಾಲಾಗಿ ನಿಲ್ಲಿಸಿದ್ದರು. ಅವಳು ಮೊದಲು.

"ಮತ್ತ ನನಗ?" ಎಂದೆ.

ಹುಡುಗಿ ತನ್ನ ಚಪ್ಪಲಿ ನೋಡಿದಳು. "ನಿಮ್ದು... ಕಡೀಕ್ ಬಂತ್ರಿ ಮೇಡಂ," ಎಂದು ಓಡಿಹೋದಳು.

ಅವತ್ತೇ ಪ್ರಾಚಾರ್ಯರ ಕೋಣೆಗೆ ಹೋಗಬೇಕಿತ್ತು. ಹತ್ತು ಹೆಜ್ಜೆ ದೂರ. ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನ ಪ್ರಾಚಾರ್ಯರು ರಜೆ. ಅದರ ಮರುದಿನ ಇದ್ದರು, ಅವತ್ತು ನನಗೆ ತಲೆನೋವು. ಖರೇ ಹೇಳಬೇಕೆಂದರೆ ಆ ಫಾರ್ಮುಗಳ ಅಂಕ ತಲೆಕೆಳಗು ಮಾಡಿ ಓದಿದರೆ ಕೊನೆಗೆ ಉಳಿಯುವವಳು ನಾನೇ. ಶಾಲು ಹೊದ್ದವಳು ಕೊನೆಯವಳು ಎಂದು ಸ್ಟಾಫ್ ರೂಮಿಗೆಲ್ಲ ಗೊತ್ತಾಗುತ್ತದೆ. ದಿನಾ ಬೆಳಿಗ್ಗೆ ಚಿತ್ತಾಪುರ ಬಂದಾಗ ಚೀಲ ತೊಡೆಗೆ ಎತ್ತಿಕೊಂಡೆ. ಅವಳು ಎದುರು ಕೂತು, ಸಭೆಯಲ್ಲಿ ಏನಾಗಬಹುದು ಅಕ್ಕಾ ಎಂದು ಕೇಳಿದಳು. ಚಲೋನೇ ಆಗ್ತದ ತಗೋ ಎಂದೆ.

ಸಭೆ ಮುಗಿದ ಮರುದಿನ ಹೋಗಿ ಹೇಳಿದೆ. ಒಂಬತ್ತನೇ ದಿನ.

ಪ್ರಾಚಾರ್ಯರು ಕನ್ನಡಕ ತೆಗೆದಿಟ್ಟರು. "ನಿನ್ನಿ ಹೇಳಬಾರದಾ ಮೇಡಂ? ಈಗ ಅವ್ರನ್ನ ತೆಗೀಬೇಕಂತ ಠರಾವು ಬರದಾಗ್ಯಾದ. ವರದೀನೂ ಮ್ಯಾಲ ಹೋಗ್ಯಾದ. ನಿಮ್ಮ ಶಾಲು ವಾಪಸ್ ತಗೊಳ್ಳಂದ್ರ ಹ್ಯಾಂಗ ತಗೊಳ್ಳಲಿ?" ಎಂದು ತಾವೇ ನಕ್ಕರು. ನಾನೂ ನಕ್ಕೆನೇ? ನಕ್ಕಿರಬೇಕು.

ವಾರದ ಕೊನೆಗೆ, ಅವಳು ತನ್ನ ಪುಸ್ತಕ ಕಟ್ಟಿಕೊಂಡು ಹೊರಟ ದಿನ, ವಾಪಸು ಗಾಡಿಯಲ್ಲಿ ಎಲ್ಲ ಹೇಳಿದೆ. ಹುಡುಗಿಯ ಮಾತು ಕೇಳಿ ಅವಳ ಮುಖ ಅರಳಿತು. "ಎಲ್ಲಾರೂ ಒಂದನೇ ನಂಬರ್ ಕೊಟ್ಟಿದ್ರಾ ಅಕ್ಕಾ? ಎಲ್ಲಾರೂ?" ಎಂದು ಎರಡೆರಡು ಸಲ ಕೇಳಿದಳು. ಆಮೇಲೆ, "ಆ ಹುಡುಗಿ ಯಾವಾಗ ಹೇಳಿದ್ಳು?" ಎಂದಳು.

ಹೇಳಿದೆ.

ಅವತ್ತಿನಿಂದ ನಾನು ಪ್ರಾಚಾರ್ಯರ ಕೋಣೆಗೆ ಹೋದ ದಿನದವರೆಗೆ ಅವಳು ಬೆರಳು ಮಡಚಿ ಎಣಿಸಿದಳು. "ಒಂಬತ್ತು ದಿನ. ಮತ್ತ ಒಂಬತ್ತೂ ದಿನ ನನ್ನ ಡಬ್ಬಿ ಪಲ್ಯ ಉಂಡ್ರೆಲ್ಲ ಅಕ್ಕಾ."

ಚಿತ್ತಾಪುರ ಬಂತು. ಪುಸ್ತಕದ ಗಂಟು ನಾನು ಎತ್ತಿಕೊಡಲು ಹೋದೆ. "ಇರ್ಲಿ ಬಿಡ್ರಿ ಮೇಡಂ," ಎಂದು ಇಳಿದಳು. ಆರು ವರ್ಷದಲ್ಲಿ ಮೊದಲ ಸಲ ಮೇಡಂ ಅಂದಳು.

ಈಗ ಚಿತ್ತಾಪುರದ ಯಾವುದೋ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಗಣಿತ ಹೇಳುತ್ತಾಳಂತೆ. ಫೋನು ಹಚ್ಚಿದರೆ ಎತ್ತುವುದಿಲ್ಲ.

ಈ ವರ್ಷ ಶಹಾಬಾದಿನ ತರಬೇತಿಗೆ ನನ್ನನ್ನು ಕಲಿಸುವವಳಾಗಿ ಕರೆದರು. ವರದಿಯಲ್ಲಿ ನನ್ನ ಅಂಕ ಹಾಗಿತ್ತಲ್ಲ. ಹೋದೆ. ಫಾರ್ಮ್ ತುಂಬಿಸುವಾಗ ಮಕ್ಕಳ ಭಾಷೆಯಲ್ಲಿ ಬಿಡಿಸಿ ಹೇಳಬೇಕು ಎನ್ನುವುದಕ್ಕೆ, ಒಂದು ಕಾಲೇಜಿನಲ್ಲಿ ಹೀಗಾಯಿತಂತೆ ಎಂದು ಈ ಕತೆಯನ್ನೇ ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಳೆಯ ಉಪನ್ಯಾಸಕಿಯೊಬ್ಬಳು ಮಾತ್ರ ನಗಲಿಲ್ಲ. "ಫಾರ್ಮ್ ತುಂಬಿಸಿದ ಮೇಡಮ್ಮರಿಗಿ ಗೊತ್ತಾಗ್ಲಿಲ್ಲೇನ್ರಿ?" ಎಂದಳು.

"ತಡಾಗಿ ಗೊತ್ತಾತಂತ," ಎಂದು ಬೋರ್ಡಿನ ಕಡೆ ತಿರುಗಿದೆ.

ಸಂಜೆ ಅವರೂ ನನ್ನ ಬಗ್ಗೆ ಫಾರ್ಮ್ ತುಂಬಿ ಕೊಟ್ಟರು. ಶಹಾಬಾದ್ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ಒಂದೊಂದೇ ತೆಗೆದು ನೋಡಿದೆ. ಎಲ್ಲರೂ ಐದು ಹಾಕಿದ್ದರು. ಸೇಡಂನ ಮಕ್ಕಳೂ ನನಗೆ ಅದನ್ನೇ ಹಾಕಿದ್ದರು.