ಗುಡ್ಡದ ಮರೆಯ ಟರ್ಬೈನ್

2006ರಲ್ಲಿ ನಾನು ಹರಪನಹಳ್ಳಿ ಕಡೆಯ ಗುಡ್ಡಸಾಲಿನಲ್ಲಿದ್ದ ಪವನ ವಿದ್ಯುತ್ ಘಟಕವೊಂದರಲ್ಲಿ ಸರ್ವೀಸ್ ಎಂಜಿನಿಯರ್ ಆಗಿದ್ದೆ. ಆಷಾಢದ ಗಾಳಿ ಶುರುವಾದಾಗಿನಿಂದ ಸಾಲಿನ ಕೊನೆಯ ಟರ್ಬೈನ್ ಪದೇ ಪದೇ ನಿಲ್ಲುತ್ತಿತ್ತು. ನಡುಕ ಮಿತಿ ಮೀರಿದರೆ ಯಂತ್ರವನ್ನು ನಿಲ್ಲಿಸುವ ವೈಬ್ರೇಷನ್ ಸ್ವಿಚ್ ಅದನ್ನು ಓಡಗೊಡುತ್ತಿರಲಿಲ್ಲ. ಗೇರ್‌ಬಾಕ್ಸ್ ಬಿಚ್ಚಿ ನೋಡಿದೆವು, ಬೋಲ್ಟುಗಳನ್ನು ಬಿಗಿದೆವು, ದೋಷ ಸಿಗಲಿಲ್ಲ. ಗಾಳಿಯ ಕಾಲ ಕೈತಪ್ಪುತ್ತಿದೆಯೆಂದು ಮ್ಯಾನೇಜರ್ ಬೇಸತ್ತು, "ಆ ಸ್ವಿಚ್ಚನ್ನೇ ಬೈಪಾಸ್ ಮಾಡಿ ಓಡಿಸಿ" ಎಂದರು.

ಅದಕ್ಕೆಂದೇ ಒಂದು ಬೆಳಿಗ್ಗೆ ನಾನೂ ಟೆಕ್ನಿಷಿಯನ್ ಕೊಟ್ರೇಶನೂ ಮೇಲೆ ಹತ್ತಿದೆವು. ಆತ ಇಟ್ಟಿಗಿ ಊರಿನವನು, ಗಟ್ಟಿ ಆಳು. ಆ ಗೋಪುರ ಕಬ್ಬಿಣದ ಪಟ್ಟಿಗಳ ಹಂದರ. ಏಣಿಗೆ ಯಾವ ಮರೆಯೂ ಇರಲಿಲ್ಲ. ತುದಿಯಲ್ಲಿ ನೆಸೆಲ್, ಅಂದರೆ ಗೇರ್‌ಬಾಕ್ಸ್, ಜನರೇಟರ್ ಇರುವ ಪೆಟ್ಟಿಗೆಯಂಥ ಕೋಣೆ. ಸ್ವಿಚ್ಚಿನ ಮುಚ್ಚಳ ತೆಗೆಯುವಷ್ಟರಲ್ಲಿ ಗಾಳಿ ಎದ್ದಿತು.

ಕೆಳಗಿದ್ದ ಸೂಪರ್‌ವೈಸರ್ ಹಾಲಪ್ಪ ವಾಕಿಟಾಕಿಯಲ್ಲಿ ಕೂಗಿದರು: "ಸಾರ್, ಏಣಿ ಮ್ಯಾಲೆ ಕಾಲಿಡಬ್ಯಾಡ್ರಿ. ಗಾಳಿ ಭಾಳ ಐತಿ. ಅಲ್ಲೇ ಕುಂದರ್ರಿ!"

ರೆಕ್ಕೆಯಂಥ ಬ್ಲೇಡುಗಳಿಗೆ ಬ್ರೇಕ್ ಹಾಕಿದ್ದರೂ ನೆಸೆಲ್ ತೂಗಾಡುತ್ತಿತ್ತು. ನೆಟ್ಟಗೆ ನಿಲ್ಲಲು ಜಾಗವಿಲ್ಲ, ಮೂಗಿಗೆ ಗ್ರೀಸಿನ ವಾಸನೆ. ಕೊಟ್ರೇಶ ವಾಂತಿ ಮಾಡಿಕೊಂಡ. ಮಧ್ಯಾಹ್ನ ಕಳೆದರೂ ಗಾಳಿ ತಗ್ಗಲಿಲ್ಲ. ಇದ್ದಕ್ಕಿದ್ದಂತೆ ಆತ ಏಣಿಗೆ ಇಳಿಯುವ ನೆಲದ ಬಾಗಿಲು ಎತ್ತಿ ಕಾಲು ಇಳಿಬಿಟ್ಟ.

"ಉಸಿರು ಕಟ್ಟಾಕತ್ತೈತ್ರಿ ಸಾರ್. ನಾ ಇಳದು ಹೋಕ್ಕೀನಿ."

ನಾನು ಆತನ ಸೇಫ್ಟಿ ಬೆಲ್ಟ್ ಹಿಡಿದೆ. "ಬಿಡ್ರಿ!" ಎಂದು ನನ್ನನ್ನು ನೂಕಿದ. ಅಷ್ಟರಲ್ಲಿ ಗಾಳಿಯ ಹೊಡೆತಕ್ಕೆ ಏಣಿಯ ಮೇಲಿದ್ದ ಕಾಲು ಜಾರಿ, ಅವನ ಭಾರವೆಲ್ಲ ನನ್ನ ಕೈಗೆ ಬಂತು. ಹೇಗೋ ಒಳಗೆಳೆದುಕೊಂಡೆ. ಬಾಗಿಲು ಮುಚ್ಚಿ ಅದರ ಮೇಲೆಯೇ ಕುಳಿತೆ.

ಅವನು ಸರಾಗವಾಗಿ ಉಸಿರಾಡಲಿ ಎಂದು ಚಾವಣಿಯ ಕಿಂಡಿಯನ್ನು ತುಸು ತೆರೆದೆ. ಹೊರಗೆ ಗಾಳಿಯ ದಿಕ್ಕು ತೋರುವ ವೇನ್ ಒಂದೆಡೆ ನಿಲ್ಲದೆ ಎಡಕ್ಕೂ ಬಲಕ್ಕೂ ಬಡಿದಾಡುತ್ತಿತ್ತು. ಬಯಲಿಗೆ ಮುಖಮಾಡಿದ್ದ ಉಳಿದ ಟರ್ಬೈನ್‌ಗಳು ಅದೇ ಗಾಳಿಯಲ್ಲಿ ಒಂದೇ ಸಮ ತಿರುಗುತ್ತಿದ್ದವು. ನಮ್ಮ ಎದುರಿಗೆ ಮಾತ್ರ ಬಂಡೆಗಳ ಗುಡ್ಡ. ನಡುಕದ ಕಾರಣ ಆಗ ಹೊಳೆಯಿತು.

ಬ್ಲೇಡಿನ ಬೆನ್ನಿಗೆ ಅಂಟಿಕೊಂಡು ಗಾಳಿ ಹರಿದರೆ ಅದು ಸರಾಗವಾಗಿ ತಿರುಗುತ್ತದೆ. ಗುಡ್ಡ ದಾಟಿ ಸುಳಿಸುಳಿಯಾಗಿ ಬರುವ ಗಾಳಿ ಬ್ಲೇಡನ್ನು ತಾಕುವ ಕೋನ ಕ್ಷಣಕ್ಷಣವೂ ಬದಲಾಗುತ್ತದೆ. ಕೋನ ಮಿತಿಮೀರಿದಾಗ ಬೆನ್ನಿನ ಮೇಲಿನ ಹರಿವು ಕಿತ್ತುಹೋಗುತ್ತದೆ, ಇದೇ ಸ್ಟಾಲ್. ಮರುಕ್ಷಣ ಮತ್ತೆ ಅಂಟುತ್ತದೆ. ಹೀಗೆ ಬಿಟ್ಟು ಅಂಟುವಾಗೆಲ್ಲ ಬ್ಲೇಡಿಗೆ ಪೆಟ್ಟು. ಸ್ವಿಚ್ ಸರಿಯಾಗಿಯೇ ಇತ್ತು. ಬೈಪಾಸ್ ಮಾಡಿದ್ದರೆ ಬ್ಲೇಡ್ ಬುಡದಲ್ಲೇ ಬಿರಿಯಬಹುದಿತ್ತು. ತೆಗೆದಿದ್ದ ಮುಚ್ಚಳವನ್ನು ಮತ್ತೆ ಹಾಕಿದೆ.

ಹೊತ್ತು ಮುಳುಗುವಾಗ ಗಾಳಿ ತಗ್ಗಿತು. ಕೊಟ್ರೇಶನನ್ನು ಮುಂದೆ ಬಿಟ್ಟು ಮೆಲ್ಲಗೆ ಇಳಿದೆವು. ಫೋನಿನಲ್ಲಿ ಮ್ಯಾನೇಜರ್, "ಕೆಲಸ ಆಯ್ತಾ?" ಎಂದರು.

"ಇಲ್ಲ ಸಾರ್. ಮಾಡೋದೂ ಇಲ್ಲ."

ಅವರು ರೇಗಿದರು, ಕೆಲಸ ಹೋಯಿತೆಂದುಕೊಂಡೆ. ಕಡೆಗೆ ನಾನು ಹೇಳಿದ ಕಾರಣವನ್ನು ಪರೀಕ್ಷಿಸಲು ತಜ್ಞರು ಬಂದು ಗುಡ್ಡದ ಕಡೆಯ ಗಾಳಿಯನ್ನು ಅಳೆದರು. ನೆಟ್ಟ ಗೋಪುರವನ್ನು ಕೀಳುವಂತಿರಲಿಲ್ಲ. ಗುಡ್ಡದ ಕಡೆಯಿಂದ ಜೋರುಗಾಳಿ ಬಂದಾಗ ಆ ಟರ್ಬೈನನ್ನು ನಿಲ್ಲಿಸಬೇಕೆಂದು ತೀರ್ಮಾನವಾಯಿತು.

ಕೊಟ್ರೇಶ ಮತ್ತೆ ಏಣಿ ಹತ್ತಲಿಲ್ಲ. ಅಂಜುಬುರುಕ ಎಂದು ಕೆಲವರು ನಕ್ಕರು. ನಾನು ಅವನನ್ನು ಕಂಟ್ರೋಲ್ ರೂಮಿಗೆ ಹಾಕಿಸಿದೆ. ನಡುಗುವವರನ್ನು, ಪೆಟ್ಟು ಎಲ್ಲಿಂದ ಬೀಳುತ್ತಿದೆ ಎಂದು ತಿಳಿಯುವ ಮೊದಲೇ ದೂರಬಾರದೆಂದು ಆ ಟರ್ಬೈನ್ ನನಗೆ ಕಲಿಸಿತ್ತು.