ಏಳು ವರ್ಷ ನೆನೆದ ಬಿಲ್ಲೆ

ಅಣುಸ್ಥಾವರದ ತ್ಯಾಜ್ಯವನ್ನು ಕಾದ ಗಾಜಿನೊಳಗೆ ಬೆರೆಸಿ, ಆ ಗಾಜು ಸಾವಿರಾರು ವರ್ಷ ಅದನ್ನು ಹೊರಬಿಡದಂತೆ ಮಾಡುವ ವಿದ್ಯೆಗೆ ಮೂವತ್ತಾರು ವರ್ಷಗಳನ್ನು ಧಾರೆಯೆರೆದ ನಮ್ಮ ಮೇಡಂ ಈಗ ನಿವೃತ್ತರಾಗುತ್ತಿದ್ದಾರೆ. ವಿದ್ಯಾರ್ಥಿಗಳಾದ ನಾವು ಬೆನ್ನ ಹಿಂದೆ ಅವರನ್ನು ಗಾಜಿನಮ್ಮ ಎನ್ನುತ್ತಿದ್ದೆವು. ಅದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತಂತೆ.

ಕುಲುಮೆಯಿಂದ ಜೇನಿನಂತೆ ಇಳಿಯುವ ಕಿತ್ತಳೆ ಬಣ್ಣದ ಗಾಜನ್ನು ನೋಡುತ್ತ ನಿಂತರೆ ಅವರಿಗೆ ಇಹದ ಪರಿವೆ ಇರುತ್ತಿರಲಿಲ್ಲ. ಮೇಜಿನ ಮೇಲಿನ ಚಹಾ ಆರಿಹೋಗುತ್ತಿತ್ತು. "ಇದು ಸವೆಯೋ ಹೊತ್ತಿಗೆ ನಮ್ಮ ಅಕ್ಷರ ಓದೋರು ಇರ್ತಾರೋ ಇಲ್ವೋ" ಎಂದು ಒಮ್ಮೆ ತಮ್ಮಷ್ಟಕ್ಕೆ ಹೇಳಿಕೊಂಡರು. ಆ ದೂರದ ಕಾಲದವರು ತಮ್ಮ ನೆಂಟರೇ ಎಂಬಂತಿತ್ತು ಅವರ ದನಿ.

ವಿಕಿರಣವಿಲ್ಲದ ಮಾದರಿ ಗಾಜಿನ ಬಿಲ್ಲೆಗಳನ್ನು ಡಬ್ಬಿಯ ನೀರಿನಲ್ಲಿ ಮುಳುಗಿಸಿ, ವರ್ಷಗಟ್ಟಲೆ ಓವನ್‌ನಲ್ಲಿಟ್ಟು, ನೀರು ಗಾಜನ್ನು ಎಷ್ಟು ತಿಂದಿತೆಂದು ಅವರು ಅಳೆಯುತ್ತಿದ್ದರು. ನಾನು ಅವರ ಪ್ರಯೋಗಾಲಯ ಸೇರಿದ ಮೂರನೆಯ ವಾರ ಓವನ್ ಒರೆಸುವ ಕೆಲಸ ನನ್ನ ಪಾಲಿಗೆ ಬಂತು. ಪಾತ್ರೆ ಫಳಫಳ ಹೊಳೆಯದಿದ್ದರೆ ಊಟ ಬಡಿಸದ ತಾಯಿಯ ಮಗ ನಾನು. ಚೀಟಿಯಿಲ್ಲದ ಡಬ್ಬಿಯೊಂದನ್ನು ತೆರೆದರೆ ಒಳಗೆ ಮಂಕು ಹಿಡಿದ ಬಿಲ್ಲೆ. ನೀರು ಚೆಲ್ಲಿ, ಬಿಲ್ಲೆಯನ್ನು ತಿಕ್ಕಿ ತಿಕ್ಕಿ ಹೊಳೆಯಿಸಿದೆ. ಆ ಮಂಕೇ ಏಳು ವರ್ಷಗಳ ಫಲಿತಾಂಶವಾಗಿತ್ತು.

ಮೇಡಂ ಬಂದು ಬಿಲ್ಲೆಯನ್ನು ಬೆಳಕಿಗೆ ಹಿಡಿದರು.

"ಚೆನ್ನಾಗಿ ಉಜ್ಜಿದೀಯಪ್ಪ" ಎಂದರು. ಅವರ ಕಣ್ಣು ತುಂಬಿತ್ತು. "ಹೋಗು, ಹೊಸ ನೀರು ತಗೊಂಡು ಬಾ."

ಅದೇ ಬಿಲ್ಲೆಯನ್ನು ತೂಗಿ, ಮುಳುಗಿಸಿ, ಅಂದಿನ ತಾರೀಖು ಬರೆದರು. ಆ ವರ್ಷ ಅವರಿಗೇ ಬರುತ್ತದೆಂದು ಎಲ್ಲರೂ ನಂಬಿದ್ದ ವಿಭಾಗ ಮುಖ್ಯಸ್ಥರ ಹುದ್ದೆ ಕೈತಪ್ಪಿತು. ಏಕೆಂದು ನಾನು ಕೇಳಲಿಲ್ಲ. ನನ್ನ ತಪ್ಪಿನ ಬಗ್ಗೆ ಯಾರ ಮುಂದೆಯೂ ಬಾಯಿ ಬಿಡಲೂ ಇಲ್ಲ.

ಕಳೆದ ತಿಂಗಳು ಓವನ್‌ನ ಬೀಗದ ಕೈ ಮತ್ತು ದಾಖಲೆ ಪುಸ್ತಕವನ್ನು ಮೇಡಂ ನನಗೆ ಒಪ್ಪಿಸಿದರು. ನಾನು ಬಿಲ್ಲೆ ಉಜ್ಜಿದ ದಿನದ ಪುಟದಲ್ಲಿ ಅವರ ದುಂಡು ಅಕ್ಷರ: "ಚೀಟಿ ಅಂಟಿಸದ ನನ್ನ ಅಜಾಗರೂಕತೆಯಿಂದ ಮಾದರಿ ಹಾಳಾಯಿತು." ಕೆಳಗೆ ಅಂದಿನ ನಿರ್ದೇಶಕರ ಷರಾ: "ಇಂಥವರಿಗೆ ವಿಭಾಗ ಒಪ್ಪಿಸಲಾಗದು."

"ಮೇಡಂ, ಇದು ನಾನು..." ಎಂದೆ.

"ನೀನು ಸೇರಿ ಮೂರೇ ವಾರ ಆಗಿತ್ತು ಕಣಪ್ಪ, ಮನೆಗೆ ಕಳಿಸಿಬಿಡ್ತಿದ್ರು. ಬಿಲ್ಲೆ ಬೇಕಾದ್ರೆ ಮತ್ತೆ ನೆನೆಯುತ್ತೆ ಬಿಡು."

ಮೇಡಂ ಅವರ ಈ ಅಭಿನಂದನ ಗ್ರಂಥವನ್ನು ಓದುವ ಎಲ್ಲರಿಗೂ ತಿಳಿದಿರಲಿ: ಆ ಬಿಲ್ಲೆಯನ್ನು ಉಜ್ಜಿದವನು ನಾನು. ಮೇಡಂ ಬರೆದ ಸಾಲಿನ ಕೆಳಗೂ ಹಾಗೆಂದು ಬರೆದು ಸಹಿ ಹಾಕಿದ್ದೇನೆ. ಬಿಲ್ಲೆ ಮತ್ತೆ ನೀರಿಗಿಳಿದು ಇಪ್ಪತ್ತೊಂದು ವರ್ಷವಾಯಿತು. ಮೂವತ್ತು ವರ್ಷ ತುಂಬಿದ ದಿನ ಅದನ್ನು ಮೇಡಂ ತಮ್ಮ ಕೈಯಾರೆ ಎತ್ತುವಂತಾಗಲಿ, ಅದೇ ಡಬ್ಬಿಯಲ್ಲಿ ಹೊಸದೊಂದನ್ನು ಮುಳುಗಿಸಿ ಅದರ ಮೂವತ್ತನ್ನೂ ಕಾಯುವಷ್ಟು ಆಯುರಾರೋಗ್ಯ ಅವರಿಗಿರಲಿ. ಅಲ್ಲಿಯವರೆಗೆ ಆ ಓವನ್ನನ್ನು ನಾನೇ ಒರೆಸುತ್ತೇನೆ, ಹೊರಗಡೆ ಮಾತ್ರ.