ಸಿದ್ದಮಲ್ಲಪ್ಪನ ಬಲಗಾಲು

ಸಿದ್ದಮಲ್ಲಪ್ಪನನ್ನು ಅಂಗಡಿಗೆ ಬಂದ ಮಾಲಿನಂತೆ ತಿರುಗಿಸಿ ನೋಡಿದರೆ ಮೊದಲು ಕಾಣುವುದು ಕೊರತೆ. ಬಲಗೈ ಭುಜದಿಂದಲೇ ಇಲ್ಲ, ಕೆ.ಆರ್. ನಗರದ ಕಡೆಯ ಒಂದು ಆಲೆಮನೆಯಲ್ಲಿ ಕಬ್ಬಿನ ಗಾಣಕ್ಕೆ ಸಿಕ್ಕಿತ್ತು. ಮೈಯಲ್ಲಿ ಮಾಂಸ ಕಡಿಮೆ, ಬಾಯಲ್ಲಿ ಮಾತು ಜಾಸ್ತಿ. ಆದರೆ ಇರುವ ಒಂದೇ ಕೈಯಿಂದ ಅವನು ವೀಳ್ಯದೆಲೆಯ ಕಟ್ಟು ಬಿಗಿಯುವುದನ್ನು ನೋಡಿದ ಮೇಲೆ ನಾನು ಬೆಲೆ ತಿದ್ದಿಕೊಂಡೆ. ಎರಡು ಕೈಯಿರುವ ನನ್ನಿಂದ ಆ ಗಂಟು ಇವತ್ತಿಗೂ ಆಗುವುದಿಲ್ಲ.

ನಮ್ಮದು ಹುಣಸೂರು–ಪಿರಿಯಾಪಟ್ಟಣ ರಸ್ತೆಯ ಸಣ್ಣ ಪೇಟೆ. ಬಿಸಿಲೇರುವ ಮುಂಚೆ ಬೆಟ್ಟದಪುರದ ಅಂಗಡಿಗಳಿಗೆ ಎಲೆ ಮುಟ್ಟಿಸುವುದು ಅವನ ಕಸುಬು, ಸೈಕಲ್ಲೇ ಅವನ ಬಂಡವಾಳ. ಸೈಕಲ್ಲಿಗೆ ವರ್ಷಕ್ಕೊಮ್ಮೆ ಪಂಚಾಯಿತಿಯ ಲೈಸೆನ್ಸ್ ಬಿಲ್ಲೆ ಹಾಕಿಸಬೇಕು, ಇಲ್ಲದಿದ್ದರೆ ಓಡಿಸುವಂತಿಲ್ಲ. ಅರವತ್ತೆಂಟನೇ ಇಸವಿಯಲ್ಲಿ ನಾವು ಪಂಚಾಯಿತಿ ಮೆಂಬರುಗಳು ಸೇರಿ ಹೊಸ ನಿಯಮ ಮಾಡಿದೆವು: ಸರ್ಕಲ್ಲಿನಲ್ಲಿ ತಿರುಗುವ ಸವಾರರು ಆ ಕಡೆಯ ಕೈ ಚಾಚಬೇಕು, ಚಾಚದವರಿಗೆ ಬಿಲ್ಲೆ ಇಲ್ಲ. ಕೈಯೇ ಇಲ್ಲದವರ ನೆನಪು ನಮಗ್ಯಾರಿಗೂ ಬರಲಿಲ್ಲ.

ಸಿದ್ದಮಲ್ಲಪ್ಪ ತಕರಾರು ಮಾಡಲಿಲ್ಲ. ಬಲಕ್ಕೆ ತಿರುಗುವಾಗ ಬಲಗಾಲನ್ನು ಕೋಲಿನಂತೆ ನೀಡಿದ. ಸರ್ಕಲ್ಲಿನ ಪೊಲೀಸಿನವನು ನಕ್ಕು ಸುಮ್ಮನಾದ. ಸುಮ್ಮನಾಗದವರು ಬೆಲ್ಲದ ಮಂಡಿಯ ಷಣ್ಮುಖಪ್ಪ. ಎಪ್ಪತ್ತು ವಯಸ್ಸಿನ ಹಿರಿಯರು, ಸರಿಯಾಗಿ ಆ ತಿರುವಿನ ಬಲಕ್ಕಿರುವ ಜಗಲಿಯಲ್ಲಿ ಬೆಳಗಿನ ಕಾಫಿ ಕುಡಿಯುವವರು.

“ಏನ್ಲಾ, ನನ್ ಮುಖಕ್ಕೇ ಕಾಲು ತೋರುಸ್ತೀಯಾ?”

“ನಿಮ್ಗಲ್ಲ ಕಣ್ರಣ್ಣಾ, ಹಿಂದ್ಗಡೆ ಬಸ್ಸಿಗೆ.”

“ಬಸ್ಸು ಹಿಂದಿದ್ರೆ ಹಿಂದಕ್ಕೆ ತೋರ್ಸು!”

ಷಣ್ಮುಖಪ್ಪನವರು ನೇರ ನನ್ನಂಗಡಿಗೆ ಬಂದು ಪಂಚಾಯಿತಿಗೆ ಅರ್ಜಿ ಬರೆದುಕೊಡು ಎಂದರು. ಬರೆದೆ. ‘ದಿನಂಪ್ರತಿ, ಉದ್ದೇಶಪೂರ್ವಕವಾಗಿ, ಹಿರಿಯರ ಕಡೆ ಪಾದವನ್ನು ಚಾಚುತ್ತಿದ್ದಾನೆ’ ಎಂಬ ಸಾಲು ನನಗೇ ಬಹಳ ಹಿಡಿಸಿತು. ಅವರು ರುಜು ಹಾಕಿದರು. ಪಂಚಾಯಿತಿ ಬಿಲ್ಲೆಯನ್ನು ಕಿತ್ತುಕೊಂಡಿತು.

ಎಂಟು ದಿನ ಸಿದ್ದಮಲ್ಲಪ್ಪ ಎಲೆ ಹೊತ್ತು ನಡೆದ. ಬೆಟ್ಟದಪುರ ಮುಟ್ಟುವಷ್ಟರಲ್ಲಿ ಎಲೆ ಬಾಡುತ್ತಿತ್ತು. ಅಲ್ಲಿಯ ಅಂಗಡಿಯ ಪುಟ್ಟತಾಯಮ್ಮ ಹೇಳಿಯೇಬಿಟ್ಟಳಂತೆ: “ಇನ್ನೊಂದ್ ವಾರ ನೋಡ್ತೀನಿ ಕಣಪ್ಪಾ. ಆಮ್ಯಾಕೆ ಬ್ಯಾರೆಯೋರ ತಾವ ತಕತೀನಿ.”

ಒಂಬತ್ತನೆಯ ದಿನ ಸಿದ್ದಮಲ್ಲಪ್ಪ ಪಂಚಾಯಿತಿ ಮೀಟಿಂಗಿಗೇ ಬಂದು ಬಿಲ್ಲೆ ವಾಪಸು ಕೇಳಿದ; ಅರ್ಜಿಯನ್ನು ಗಟ್ಟಿಯಾಗಿ ಓದಲಾಯಿತು. ಒಬ್ಬ ಮೆಂಬರು, ಎಡಗೈಯನ್ನೇ ಮೇಲೆತ್ತಲಿ ಎಂದರು.

“ಎತ್ತೀನಿ ಸ್ವಾಮಿ,” ಅಂದ ಸಿದ್ದಮಲ್ಲಪ್ಪ. “ಆಗ ಸೈಕಲ್ ಯಾಂಡ್ಲು ಇಡ್ಕೊಳಾಕೆ ನೀವು ಬತ್ತೀರಾ?”

ನಗು ಅಡಗಿದ ಮೇಲೆ ಬೆಳಗಿನ ಬಸ್ಸಿನ ಡ್ರೈವರನ್ನು ಕರೆದು ಕೇಳಿದೆವು. ಅವನು ಟೋಪಿ ತೆಗೆದು, “ಎಲ್ರಿಗೂ ಎರಡೆರಡ್ ಕೈ ಅವೆ, ತೋರ್ಸೋನು ಒಬ್ನೂ ಇಲ್ಲ. ಈವಯ್ಯ ಎತ್ಲಾಗ್ ತಿರುಗ್ತಾನೆ ಅನ್ನೋದು ಮಾತ್ರ ನಂಗೆ ಅರ್ಧ ಫರ್ಲಾಂಗಿಂದ್ಲೇ ಗೊತ್ತಾಯ್ತದೆ,” ಎಂದ.

ಅಲ್ಲೇ ಕೂತಿದ್ದ ಷಣ್ಮುಖಪ್ಪನವರು ಸೋಲುವವರಲ್ಲ. “ಎಲ್ಲಾ ಸರಿ ಕಣಯ್ಯಾ, ಪಾದ ನೋಡ್ಕಂಡು ಕಾಫಿ ಕುಡಿಯಾಕಾಗಕಿಲ್ಲ.”

“ಪಾದ ಬ್ಯಾಡ್ವಾ? ಮಂಡಿ ಆಯ್ತದಾ?” ಸಿದ್ದಮಲ್ಲಪ್ಪ ಅಲ್ಲೇ ಬೆಂಚಿನ ತುದಿಯಲ್ಲಿ ಕೂತು, ಪಾದವನ್ನು ಒಳಕ್ಕೆಳೆದು ಮಂಡಿಯನ್ನಷ್ಟೇ ಹೊರಕ್ಕೆ ತಿರುಗಿಸಿ ತೋರಿಸಿದ. ಷಣ್ಮುಖಪ್ಪನವರು ಎದ್ದುಬಂದು, ಬಗ್ಗಿ, ಬೆಲ್ಲದ ಅಚ್ಚು ನೋಡುವಂತೆ ನೋಡಿದರು.

“ಮಂಡಿ ಪರವಾಗಿಲ್ಲ. ಮಂಡಿಯಿಂದ ಯಾರಿಗೂ ಅವಮಾನ ಆಗಿಲ್ಲ.”

ನಿಯಮಕ್ಕೆ ಒಂದು ಸಾಲು ಸೇರಿತು: ಕೈಯಿಲ್ಲದ ಸವಾರರು ತಿರುಗುವ ಕಡೆಯ ಮಂಡಿಯನ್ನು ಹೊರಚಾಚತಕ್ಕದ್ದು. ಒಪ್ಪಿಗೆಗೆ ಮೊದಲು ಕೈಯೆತ್ತಿದವನು ನಾನು.

ಮರುದಿನ ಸಿದ್ದಮಲ್ಲಪ್ಪ ಬಿಲ್ಲೆ ಹಾಕಿದ ಸೈಕಲ್ಲಿನಲ್ಲಿ ನನ್ನಂಗಡಿಗೆ ಬಂದು ಒಂದು ಕಟ್ಟು ಚಿಗುರೆಲೆ ನನ್ನ ಕೈಗಿಟ್ಟ. “ನೀವು ಇಲ್ದಿದ್ರೆ ನಾನು ಇವತ್ತೂ ನಡೀತಿದ್ದೆ ಕಣ್ರಣ್ಣಾ. ಆ ಅರ್ಜಿ ಯಾವನ್ ಬರ್ದ್ನೋ, ಕನ್ನಡ ಮಾತ್ರ ಜೋರಾಗೈತೆ ಬುಡಿ.”

ಎಲೆ ಚೆನ್ನಾಗಿತ್ತು, ಬಾಯಿ ತುಂಬ ಹಾಕಿಕೊಂಡೆ. ಇದಾಗಿ ಏಳು ವರ್ಷ. ಅರ್ಜಿ ಬರೆದವನು ನಾನೆಂದು ಅವನಿಗೆ ಹೇಳಬೇಕು, ಹೇಳಿ ತಪ್ಪಾಯಿತು ಅನ್ನಬೇಕು. ಅದು ನನ್ನ ಕಡೆಯಿಂದ ಅವನಿಗೆ ಇನ್ನೂ ಬಾಕಿ.